ಆಲೆಮನೆಗೆ ಅವನನ್ನು ಸೇರಿಸಿಕೊಳ್ಳುವ ಮುಂಚೆ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಮೆಷಿನ್ ಸದ್ದಿನ ಮಧ್ಯೆ "ಸೇರಿಸ್ಕೊ, ಏನೂ ಆಗಲ್ಲ" ಅಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ಅದೇ ಯೋಚನೆ. ನಿಮ್ಮೂರಿನವನು 14 ವರ್ಷ ಒಳಗಿದ್ದು ಸನ್ನಡತೆ ಮೇಲೆ ಬಿಡುಗಡೆಯಾಗಿ ಬಂದಿದ್ದಾನೆ. ನಿನ್ನ ಆಲೆಮನೆಯಲ್ಲಿ ಕೆಲಸ ಕೇಳುತ್ತಿದ್ದಾನೆ. ಉಳಿದ ಆಳುಗಳು ಗೊಣಗುತ್ತಿದ್ದಾರೆ. ಇದು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ.

ನನ್ನ ಮರಗೆಲಸದ ಅಂಗಡಿ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಜೈಲು ಅಲ್ಲಿಂದ ದೂರವಿಲ್ಲ. ಬಿಡುಗಡೆಯಾದವರು ಒಂದು ಬ್ಯಾಗ್ ಹಿಡಿದು ಅಶೋಕ ರಸ್ತೆ ಕಡೆ ನಡೆದು ಬರೋದನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ. ನಾನು ಮೊದಲು ಕೆಲಸ ಕೊಡುತ್ತೇನೆ ಅಂದಿದ್ದು ಒಬ್ಬ ಹುಡುಗನಿಗೆ. ಬೈಕ್ ಕಳವಿನ ಕೇಸು, ಜಾಮೀನು ಸಿಕ್ಕಿತ್ತು. ಅವನ ಅಮ್ಮ ಅಂಗಡಿಗೆ ಬಂದು ಕೈಮುಗಿದರು. ಸೋಮವಾರ ಕಳಿಸಿ ಅಂದೆ. ಅವನು ಹೊರಗೆ ಬಂದಿದ್ದು ಗುರುವಾರ ಸಂಜೆ. ಅಮ್ಮನಿಗೆ ಸುದ್ದಿ ತಲುಪಿರಲಿಲ್ಲ. ಗೇಟಿನ ಹತ್ತಿರ ಹಳೇ ಜೊತೆಗಾರರು ಎರಡು ಬೈಕಿನಲ್ಲಿ ಕಾಯುತ್ತಿದ್ದರು. ಊಟ ಹಾಕಿಸಿದ್ದೂ ಅವರೇ, ಮಲಗೋಕೆ ಜಾಗ ಕೊಟ್ಟಿದ್ದೂ ಅವರೇ. ಸೋಮವಾರ ಹುಡುಗ ಬರಲಿಲ್ಲ. ಮೂರು ತಿಂಗಳಲ್ಲಿ ಮತ್ತೆ ಒಳಗೆ ಹೋದ. ಮಧ್ಯೆ ಇದ್ದಿದ್ದು ನಾಲ್ಕು ದಿನ ಕಣೋ. ಆ ನಾಲ್ಕು ದಿನ ಅವನು ಎಲ್ಲಿರುತ್ತಾನೆ ಅಂತ ನಾನು ಕೇಳಲೇ ಇಲ್ಲ.

2022ರ ಲೆಕ್ಕ ನೋಡಿದರೆ ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಶಿಕ್ಷೆಯೇ ಆಗದವರು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಮೊದಲ ಸಲ ಸಿಕ್ಕಿಬಿದ್ದವರಿಗೆ ಸ್ವಲ್ಪ ದಾರಿ ಇದೆ. ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು, ಮರಣದಂಡನೆ, ಜೀವಾವಧಿ ಬೀಳುವಂಥ ಕೇಸು ಬಿಟ್ಟು. ಬೇರೆ ಕೇಸುಗಳೂ ಬಾಕಿ ಇರಬಾರದು. ಒಳ್ಳೇದೇ ಆಯಿತು. ಆದರೆ ಹೊರಗೆ ಬಂದ ಆ ಹುಡುಗರನ್ನು ಮೊದಲ ದಿನ ಯಾರು ಕರೆದುಕೊಂಡು ಹೋಗುತ್ತಾರೆ? ನನಗೆ ಅದರದೇ ಚಿಂತೆ.

ಎರಡನೆಯವನು ನಿಮ್ಮೂರಿನವನ ಥರಾನೇ. ಕೊಲೆ ಕೇಸು, ಜೀವಾವಧಿ. ಮರಗೆಲಸವನ್ನು ಒಳಗೇ ಕಲಿತಿದ್ದ. ಅವನು ಕಿಟಕಿ ಕೂಡಿಸಿದರೆ ಸಂದಿಯಲ್ಲಿ ಕಾಗದ ತೂರುತ್ತಿರಲಿಲ್ಲ. ಮೊದಲ ದಿನ 500 ರೂಪಾಯಿ ಕೊಟ್ಟು ಮೊಳೆ ತರೋಕೆ ಕಳಿಸಿದೆ. ವಾಪಸ್ ಬಂದವನು ಬಿಲ್ಲನ್ನು ಹಲಗೆ ಮೇಲೆ ಇಟ್ಟ. ಚಿಲ್ಲರೆಯನ್ನು ಒಂದೊಂದೇ ಎಣಿಸಿಟ್ಟ. ಆಮೇಲೆ ಇನ್ನಿಬ್ಬರು ಕೆಲಸದವರನ್ನು ಕರೆದು "ನೋಡ್ಕೊಳ್ಳಿ" ಅಂದ. ಇದು ತಿಂಗಳುಗಟ್ಟಲೆ ನಡೆಯಿತು. ಎಂಥ ಶಿಸ್ತು ಅಂದುಕೊಂಡಿದ್ದೆ. ಅದು ಭಯ ಅಂತ ಗೊತ್ತಾಗಿದ್ದು ಆಮೇಲೆ.

ಒಂದು ದಿನ ಮೇಜಿನ ಡ್ರಾಯರ್‌ನಲ್ಲಿ 2,000 ರೂಪಾಯಿ ಕಾಣಲಿಲ್ಲ. ಅಂಗಡಿಯಲ್ಲಿ ಐದು ಜನ ಇದ್ದರು. ನಾನು ಮೊದಲು ಕೇಳಿದ್ದು ಅವನನ್ನೇ. ಅವನು ಏನೂ ಹೇಳಲಿಲ್ಲ. ತನ್ನ ಬ್ಯಾಗ್ ತಂದು ಮರದ ಹೊಟ್ಟಿನ ಮೇಲೆ ಸುರಿದ. ಒಂದು ಲುಂಗಿ, ಸೋಪಿನ ಡಬ್ಬಿ, ಅವರಮ್ಮನ ಫೋಟೋ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಬಿಡುಗಡೆ ಕಾಗದ. ಎಲ್ಲವನ್ನೂ ಮತ್ತೆ ತುಂಬಿಕೊಂಡು ಹೊರಟುಹೋದ. ಆ ದುಡ್ಡು ಬೆಳಿಗ್ಗೆ ನಾನೇ ಮರದ ಲಾರಿಯವನಿಗೆ ಕೊಟ್ಟಿದ್ದೆ, ಬರೆದುಕೊಂಡಿರಲಿಲ್ಲ. ಮೂರನೇ ದಿನ ಶ್ರೀರಂಗಪಟ್ಟಣದಲ್ಲಿ ಅವನ ಅಕ್ಕನ ಮನೆಗೆ ಹೋಗಿ, ಆಕೆಯ ಎದುರಿಗೇ ತಪ್ಪಾಯಿತು ಅಂದೆ. ಅವನು ಒಂದೇ ಮಾತು ಕೇಳಿದ: "ಇನ್ಮೇಲೆ ಏನಾದ್ರೂ ಕಳೆದ್ರೆ ಎಲ್ರನ್ನೂ ಒಟ್ಟಿಗೆ ಕೇಳಣ್ಣ." ಈಗ ಹಾಗೇ ಮಾಡುತ್ತೇನೆ. ನಿನ್ನ ಆಳುಗಳಿಗೆ ನೀನು ಇವತ್ತೇ ಈ ಮಾತು ಹೇಳಿಬಿಡು, ಏನಾದರೂ ಕಳೆಯೋ ಮುಂಚೆ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಸತ್ತವನ ಮನೆ ನಿಮ್ಮೂರಲ್ಲೇ ಇದೆ ಅಲ್ವಾ? ಇವನು ನಿನ್ನ ಹತ್ತಿರ ಕೆಲಸಕ್ಕೆ ಸೇರಿದ ಸುದ್ದಿ ಅವರಿಗೆ ಸಂತೆಯಲ್ಲಿ ಸಿಗಬಾರದು. ನೀನೇ ಹೋಗು. ಅವರು ಬೈದರೆ ಬೈಸಿಕೊ. ಮನೆಮಗನನ್ನು ಕಳೆದುಕೊಂಡವರು, ಅವರ ನೋವಿಗೆ 14 ವರ್ಷ ಅಂತ ಲೆಕ್ಕ ಇಲ್ಲ. ಅವರು ಓಡಾಡುವ ದಾರಿಯಲ್ಲಿ ಇವನು ಸುಮ್ನೆ ನಿಲ್ಲೋದು ಬೇಡ ಅಂತ ಇವನಿಗೂ ಹೇಳು.

ಕಾಗದಪತ್ರದ ಕೆಲಸವೂ ಜಾಸ್ತಿ ಇರುತ್ತೆ. ನಮ್ಮವನ ಆಧಾರ್‌ಗೆ ಮೊಬೈಲ್ ನಂಬರ್ ಇರಲಿಲ್ಲ. ಒಳಗೆ ದುಡಿದ ಕೂಲಿ ಬ್ಯಾಂಕಿನಲ್ಲಿದ್ದರೂ ಒಟಿಪಿ ಬರದೆ ಅವನು ಅದಕ್ಕೆ ಒಂದೂವರೆ ತಿಂಗಳು ಅಲೆದ. ಸನ್ನಡತೆಯ ಬಿಡುಗಡೆಗೆ ಷರತ್ತುಗಳಿರುತ್ತವೆ, ಮುರಿದರೆ ಬಿಡುಗಡೆಯೇ ರದ್ದಾಗಬಹುದು. ಆ ಕಾಗದವನ್ನು ಅವನ ಜೊತೆ ಕೂತು ನೀನೂ ಓದು. ಸಹಿ ಹಾಕೋಕೆ ಹೋಗಬೇಕಾದ ದಿನ ರಜೆ ಕೊಡು, ಕೂಲಿ ಹಿಡಿಯಬೇಡ. ಅರ್ಥವಾಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡು. ಇನ್ನು, ರಾತ್ರಿ ಪಾಳಿಯಲ್ಲಿ ಕೊಪ್ಪರಿಗೆ ಹತ್ತಿರ ಬಾಟಲಿ ಓಡಾಡುತ್ತೆ ಅಂತ ನೀನೇ ಹೇಳಿದ್ದೆ. ಮೊದಲ ಕೆಲವು ತಿಂಗಳು ಅವನನ್ನು ಹಗಲಿಗೆ ಹಾಕು.

ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸಿದ್ದು ನಿನಗೂ ಗೊತ್ತಿರಬೇಕು. ಒಳಗೆ ಅಷ್ಟೇ ಅಲ್ಲ, ಹೊರಗಿನ ರಂಗಮಂದಿರಗಳಲ್ಲೂ ಆಡಿದರು, ಜನ ಚಪ್ಪಾಳೆ ತಟ್ಟಿದರು. ಆದರೆ ನಮ್ಮವನಿಗೆ ಬಾಡಿಗೆ ಮನೆ ಹುಡುಕುವಾಗ ನಾನು ಹನ್ನೊಂದು ಬಾಗಿಲು ತಟ್ಟಿದೆ. ಎಲ್ಲರೂ ಒಳ್ಳೆಯ ಜನವೇ. ಎಲ್ಲರೂ ಇಲ್ಲ ಅಂದರು. ಅದಕ್ಕೇ ನೀನು ಆಗಲ್ಲ ಅನ್ನದೆ ನನ್ನನ್ನು ಕೇಳಿದೆಯಲ್ಲ, ನನಗೆ ಎಷ್ಟು ಸಂತೋಷವಾಯಿತು ಗೊತ್ತಾ.

ಭಾನುವಾರ ಮಂಡ್ಯಕ್ಕೆ ಬರ್ತೀನಿ, ನಮ್ಮವನನ್ನೂ ಕರ್ಕೊಂಡು. ಗಾಣದ ಮನೆ ಬಾಗಿಲು ಕಿತ್ತುಹೋಗಿದೆ ಅಂದಿದ್ದೆಯಲ್ಲ, ಅಳತೆ ತಗೋಬೇಕಂತೆ ಇವನಿಗೆ. ನಿಮ್ಮವನನ್ನೂ ಬರಹೇಳು, ಟೇಪಿನ ಇನ್ನೊಂದು ತುದಿ ಹಿಡಿಯಲಿ. ಆಮೇಲೆ ನಾವಿಬ್ಬರೂ ಕಬ್ಬಿನ ಗದ್ದೆ ಕಡೆ ಹೋಗಿಬರೋಣ. ಅವರಿಬ್ಬರೇ ಸ್ವಲ್ಪ ಹೊತ್ತು ಮಾತಾಡಿಕೊಳ್ಳಲಿ.

ನಿನ್ನ ಗೆಳೆಯ