ಅಂಗಡಿ ತಂದೆವು, ಮಹಡಿ ಬಿಟ್ಟೆವು

ಮಾನ್ಯ ಸಂಪಾದಕರೇ,

ನವೆಂಬರ್ 14 ಬಂತೆಂದರೆ ಸಹಕಾರ ಸಪ್ತಾಹ. ಏಳು ಬಣ್ಣದ ಬಾವುಟ ಏರುತ್ತದೆ, ಮುಖ್ಯ ಅತಿಥಿಗಳು ಮೈಕ್ ಹಿಡಿದು ‘ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಲ್ಲಿ 28 ಜನ ನೇಕಾರರು 28 ಪೌಂಡ್ ಕೂಡಿಸಿ ಅಂಗಡಿ ತೆರೆದರು’ ಎಂದು ಶುರು ಮಾಡುತ್ತಾರೆ. ಗದಗ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ 31 ವರ್ಷ ದುಡಿದು ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ಈ ಮಾತನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ. ಹೋದ ವರ್ಷ ಮ್ಯಾಂಚೆಸ್ಟರಿನಲ್ಲಿರುವ ಮಗಳ ಮನೆಗೆ ಹೋದಾಗ, ಅಲ್ಲಿಂದ ರೈಲಿನಲ್ಲಿ ಸ್ವಲ್ಪವೇ ದೂರದ ಆ ಊರನ್ನು ಕಣ್ಣಾರೆ ಕಂಡು ಬಂದೆ. ನಮ್ಮ ಭಾಷಣಗಳಲ್ಲಿ ಅರ್ಧ ಕಥೆಯೇ ಬಿಟ್ಟುಹೋಗಿದೆ ಎಂಬುದು ಅಲ್ಲಿ ಗೊತ್ತಾಯಿತು. ಅದಕ್ಕೇ ಈ ಪತ್ರ.

ಟೋಡ್ ಲೇನ್, 31ನೇ ನಂಬರು. ಇಟ್ಟಿಗೆಯ ಹಳೇ ಕಟ್ಟಡ. 1931ರಿಂದ ಅದು ವಸ್ತುಸಂಗ್ರಹಾಲಯ. ಕೆಳಗಿನ ಕೋಣೆಯಲ್ಲಿ ಅಂದಿನ ಅಂಗಡಿಯನ್ನು ಮತ್ತೆ ಜೋಡಿಸಿಟ್ಟಿದ್ದಾರೆ: ಪೀಪಾಯಿಗಳ ಮೇಲೆ ಹಲಗೆ ಅಡ್ಡ ಹಾಕಿದರೆ ಅದೇ ಕಟ್ಟೆ, ಅದರ ಮೇಲೊಂದು ತಕ್ಕಡಿ. 1844ರ ಡಿಸೆಂಬರ್ 21, ಶನಿವಾರ ರಾತ್ರಿ ಇದರ ಬಾಗಿಲು ತೆರೆದಾಗ ಒಳಗಿದ್ದದ್ದು 28 ಪೌಂಡ್ ತೂಕದ ಬೆಣ್ಣೆ, 56 ಪೌಂಡ್ ಸಕ್ಕರೆ, ಆರು ಹಂಡ್ರೆಡ್‌ವೇಟ್ (ಸುಮಾರು 300 ಕಿಲೋ) ಗೋದಿ ಹಿಟ್ಟು, ಒಂದು ಚೀಲ ಓಟ್ಸ್ ಹಿಟ್ಟು, ಕೆಲವು ಮೇಣದಬತ್ತಿ. ಇಷ್ಟೇ. ನಮ್ಮ ಹಳ್ಳಿಯ ಸಣ್ಣ ಕಿರಾಣಿ ಅಂಗಡಿಯಲ್ಲೂ ಇದಕ್ಕಿಂತ ಹೆಚ್ಚು ಸಾಮಾನು ಇರುತ್ತದೆ. ಮಿಲ್ಲಿನ ಹುಡುಗರು ಬಾಗಿಲ ಮುಂದೆ ಗುಂಪುಗೂಡಿ ‘ಮುದುಕ ನೇಕಾರರ ಅಂಗಡಿ’ ಎಂದು ಹುಯಿಲೆಬ್ಬಿಸಿದ್ದರಂತೆ.

ಆ ಬಂಡವಾಳ ಶ್ರೀಮಂತರ ದಾನವಲ್ಲ. ಊರು ಉಣ್ಣೆಯ ಫ್ಲಾನೆಲ್ ಬಟ್ಟೆಗೆ ಹೆಸರಾಗಿತ್ತು, ನೇಯುವವರ ಹೊಟ್ಟೆ ಮಾತ್ರ ಖಾಲಿ. ಕೂಲಿ ಹೆಚ್ಚಿಸಿ ಎಂದು ಹೂಡಿದ ಹೋರಾಟ ಆಗಷ್ಟೇ ಸೋತಿತ್ತು. ಕಿರಾಣಿಯವನ ಉದ್ರಿ ಪುಸ್ತಕದಲ್ಲಿ ಸಿಕ್ಕಿಬಿದ್ದವರಿಗೆ ಬೇರೆ ಅಂಗಡಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಹಿಟ್ಟಿನಲ್ಲಿ ಸೀಮೆಸುಣ್ಣ, ಚಹಾದಲ್ಲಿ ಒಮ್ಮೆ ಕುದಿಸಿ ಒಣಗಿಸಿದ ಸೊಪ್ಪು ಬೆರೆಯುತ್ತಿದ್ದ ಕಾಲ ಅದು. ವಾರಕ್ಕೆ ಎರಡು ಪೆನ್ಸ್, ಆಮೇಲೆ ಮೂರು ಪೆನ್ಸ್ ಎಂದು ಮನೆ ಮನೆ ತಿರುಗಿ ಕೂಡಿಸಿದ ದುಡ್ಡು ಅದು. ಎಲ್ಲರೂ ನೇಕಾರರೇ ಆಗಿರಲಿಲ್ಲ ಎಂಬುದೂ ನನಗೆ ಅಲ್ಲಿಯೇ ತಿಳಿದದ್ದು. ಉಣ್ಣೆ ಬೇರ್ಪಡಿಸುವವರು, ಮರದ ಅಡಿಯ ಜೋಡು ಮಾಡುವವರೂ ಇದ್ದರು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಉದ್ರಿ ಇಲ್ಲ, ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ. ಉಳಿದ ಲಾಭ ಯಾರು ಎಷ್ಟು ಸಾಮಾನು ಕೊಂಡರೋ ಅಷ್ಟರ ಮೇಲೆ ಹಂಚಿಕೆ. ಹೆಂಗಸರೂ ಸದಸ್ಯರಾಗಬಹುದಿತ್ತು. ಮದುವೆಯಾದ ಹೆಣ್ಣಿನ ಆಸ್ತಿ ಗಂಡನದೇ ಎಂದು ಕಾನೂನು ಹೇಳುತ್ತಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿಯವರೆಗಿನದು ನಮ್ಮವರಿಗೆ ಅಷ್ಟಿಷ್ಟು ಗೊತ್ತು. ಗೊತ್ತಿಲ್ಲದ್ದು ಮಹಡಿಯ ವಿಷಯ.

ಮೊದಲು ಅವರು ಬಾಡಿಗೆಗೆ ಹಿಡಿದದ್ದು ಕೆಳಗಿನ ಭಾಗವನ್ನು ಮಾತ್ರ. ನಾಲ್ಕಾರು ವರ್ಷದಲ್ಲಿ ಕೈಗೆ ಸ್ವಲ್ಪ ದುಡ್ಡು ಬಂತು, ಮಹಡಿಯನ್ನೂ ಹಿಡಿದರು. ಅಲ್ಲಿ ದಾಸ್ತಾನು ತುಂಬಲಿಲ್ಲ. ಸದಸ್ಯರು ಕೂಡುವ ಜಾಗ ಮಾಡಿ, ಪತ್ರಿಕೆ ತರಿಸಿ, ಪುಸ್ತಕ ಜೋಡಿಸಿದರು. ದಿನವಿಡೀ ಮಗ್ಗದ ಮುಂದೆ ನಿಂತವನು ಸಂಜೆ ಸಕ್ಕರೆ ಕಟ್ಟಿಸಿಕೊಂಡು, ಮೆಟ್ಟಿಲು ಹತ್ತಿ, ಪಾರ್ಲಿಮೆಂಟಿನ ಸುದ್ದಿ ಓದಿ ಮನೆಗೆ ಹೋಗುತ್ತಿದ್ದ. 1853ರ ಹೊತ್ತಿಗೆ ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲು ಶಿಕ್ಷಣಕ್ಕೇ ಮೀಸಲು ಎಂದು ನಿಯಮ ಮಾಡಿಕೊಂಡರು. ಮುಂದೆ ಗ್ರಂಥಾಲಯ ಬೆಳೆಯಿತು, ವಿಜ್ಞಾನದ ತರಗತಿಗಳು ನಡೆದವು, ಸದಸ್ಯರಿಗೆ ಸೂಕ್ಷ್ಮದರ್ಶಕವನ್ನೂ ಎರವಲು ಕೊಡುತ್ತಿದ್ದರು. 28 ಜನರ ಸಂಘ 1850ಕ್ಕೆ 600 ಜನರದ್ದಾಯಿತು. ಇನ್ನು ಹತ್ತು ವರ್ಷಕ್ಕೆ ಮೂರು ಸಾವಿರ ದಾಟಿತು. ಸಕ್ಕರೆ, ಹಿಟ್ಟು ಶುದ್ಧವಾಗಿದ್ದರಿಂದ ಮಾತ್ರ ಇಷ್ಟು ಜನ ಬಂದರು ಎಂದು ನಾನು ನಂಬಲಾರೆ.

ಅವರು ಎಡವಿದ್ದನ್ನೂ ಹೇಳಬೇಕು. 1854ರಲ್ಲಿ ಅದೇ ಜನ ಸೇರಿ ಸಹಕಾರಿ ಬಟ್ಟೆ ಮಿಲ್ ಕಟ್ಟಿದರು, ಲಾಭದಲ್ಲಿ ಕೆಲಸಗಾರರಿಗೂ ಪಾಲು ಎಂದು ಬರೆದುಕೊಂಡರು. ಮಿಚೆಲ್ ಹೇ ಎಂಬಲ್ಲಿ ದೊಡ್ಡ ಮಿಲ್ಲೇ ಎದ್ದಿತು. ಲಾಭದ ವಾಸನೆ ಹಿಡಿದು ಹೊಸ ಷೇರುದಾರರು ನುಗ್ಗಿದರು. 1862ರಲ್ಲಿ ಅವರ ಮತವೇ ಮೇಲಾಗಿ ಕೆಲಸಗಾರರ ಪಾಲು ರದ್ದಾಯಿತು. ಚುನಾವಣೆ ಹತ್ತಿರ ಬಂದಾಗ ಒಂದೇ ವಾರದಲ್ಲಿ ನೂರಾರು ಷೇರು ಅರ್ಜಿ ಬರುವುದನ್ನು ನೋಡಿದ ನನ್ನಂಥವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷಗಳ ಕಷ್ಟಕ್ಕೂ ನಮ್ಮ ನೆಲಕ್ಕೂ ನಂಟಿದೆ. ಅಮೆರಿಕದ ಅಂತರ್ಯುದ್ಧದಿಂದ 1861ರ ನಂತರ ರಾಚ್‌ಡೇಲ್ ಸೇರಿದ್ದ ಲ್ಯಾಂಕಶೈರ್ ಸೀಮೆಗೆ ಹತ್ತಿ ಬರುವುದು ನಿಂತು ಮಿಲ್ಲುಗಳು ಮುಚ್ಚಿದವು, ಮನೆಮನೆಯಲ್ಲಿ ಒಲೆ ಆರಿತು. ಹಸಿದವರಿಗೆಂದು ಅಮೆರಿಕದಿಂದ ಹಡಗಿನಲ್ಲಿ ಬಂದ ಹಿಟ್ಟಿನ ಪೀಪಾಯಿಯೊಂದನ್ನು ರಾಚ್‌ಡೇಲ್ ಇಂದಿಗೂ ಕಾಪಾಡಿಕೊಂಡಿದೆ. ಮಿಲ್ ಮಾಲೀಕರ ಕಣ್ಣು ಆಗ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಭಾರತದಲ್ಲಿ ಹತ್ತಿ ಬೆಳೆಸುವ ಬಗ್ಗೆ 1848ರಲ್ಲೇ ಪಾರ್ಲಿಮೆಂಟಿನ ಸಮಿತಿಯೊಂದು ಕೂತಿತ್ತು. ಅದರ ಅಧ್ಯಕ್ಷ ಜಾನ್ ಬ್ರೈಟ್ ಇದೇ ರಾಚ್‌ಡೇಲಿನ ಮಿಲ್ ಮನೆತನದವನು. ನಮ್ಮ ಹತ್ತಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತುತ್ತಿತ್ತು, ಹಾಗಾಗಿ ಅದಕ್ಕೆ ‘ಕುಮಟಾ’ ಎಂದೇ ಹೆಸರು. ಕಾರವಾರವನ್ನು ಹತ್ತಿಯ ಬಂದರು ಮಾಡುವ ಉದ್ದೇಶದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಗದುಗಿನ ಎರೆ ಹೊಲದ ರೈತನೂ ಅಲ್ಲಿನ ನೇಕಾರನೂ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ನೂಲಿಗೆ ಕೊರಳು ಕೊಟ್ಟಿದ್ದರು.

ಈಗ ಆ ಊರಲ್ಲಿ ಮಗ್ಗದ ಸದ್ದಿಲ್ಲ. ರೈಲು ನಿಲ್ದಾಣದಿಂದ ಮಿಲ್ಕ್‌ಸ್ಟೋನ್ ರಸ್ತೆ ಹಿಡಿದು ಬರುವಾಗ ಒಂದು ಅಂಗಡಿಯಲ್ಲಿ ಚಹಾಕ್ಕೆ ನಿಂತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು 1960ರ ದಶಕದಲ್ಲಿ ಪಾಕಿಸ್ತಾನದಿಂದ ಬಂದು ಮಿಲ್ಲಿನ ರಾತ್ರಿ ಪಾಳಿಯಲ್ಲಿ ದುಡಿದವರು. ನನ್ನ ಗದುಗಿನ ಹಿಂದಿ, ಅವರ ಉರ್ದು, ಹೇಗೋ ಮಾತು ನಡೆಯಿತು. ಮಗ್ಗದ ಅಬ್ಬರದಲ್ಲಿ ಕಿವಿಗೆ ಏನೂ ಕೇಳಿಸದು, ಇಲ್ಲಿನ ಹೆಂಗಸರು ತುಟಿ ಆಡಿಸಿಯೇ ಊರ ಸುದ್ದಿಯೆಲ್ಲ ಹೇಳುತ್ತಿದ್ದರು, ‘ಮೈನೇ ಅಂಗ್ರೇಜಿ ಕಾನ್ ಸೇ ನಹೀಂ, ಆಂಖ್ ಸೇ ಸೀಖೀ, ಭಾಯಿ ಸಾಹೇಬ್’ (ನಾನು ಇಂಗ್ಲಿಷ್ ಕಲಿತದ್ದು ಕಿವಿಯಿಂದಲ್ಲ, ಕಣ್ಣಿನಿಂದ) ಎಂದರು. ಬೇಸಿಗೆಯಲ್ಲಿ ಒಂದು ವಾರ ಊರಿಗೆ ಊರೇ ಮಿಲ್ ಮುಚ್ಚಿ ಸಮುದ್ರದ ದಂಡೆಯ ಬ್ಲ್ಯಾಕ್‌ಪೂಲಿಗೆ ಹೋಗುವುದು ಅಲ್ಲಿನ ಹಳೇ ವಾಡಿಕೆ. ಅದಕ್ಕಾಗಿ ವರ್ಷವಿಡೀ ವಾರವಾರ ಚಿಲ್ಲರೆ ಕೂಡಿಡುವ ಕೂಟಗಳೂ ಇದ್ದವು. ನಮ್ಮ ಕಡೆಯ ಭಿಶಿ ನೆನಪಾಯಿತು.

ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ಸಾಲದ ಸಂಘ. ಅಂಥ ಸಂಘಗಳ ಮಾದರಿ ಹಳ್ಳಿಗರಿಗಾಗಿ ಸಾಲದ ಸಂಘ ಕಟ್ಟಿದ ಜರ್ಮನಿಯ ರೈಫೈಸೆನ್‌ನದು, ಇದು ನಿಜ. ಆದರೆ ಒಬ್ಬರಿಗೆ ಒಂದು ಮತ, ಲಾಭದಲ್ಲಿ ಶಿಕ್ಷಣಕ್ಕೆ ಪಾಲು ಎಂದು ನಾವು ಬಾಯಿಪಾಠ ಮಾಡುವ ತತ್ವಗಳು ಟೋಡ್ ಲೇನಿನವು. ಶಿಕ್ಷಣ ನಿಧಿಯ ಚೆಕ್ಕನ್ನು ಪ್ರತಿ ವರ್ಷ ನಾನೇ ಬರೆದು ಕಳಿಸುತ್ತಿದ್ದೆ, ರಸೀದಿಯನ್ನು ಫೈಲಿಗೆ ಹಾಕುತ್ತಿದ್ದೆ. ನಮ್ಮ ಸದಸ್ಯನೊಬ್ಬ ಸಂಘದ ಕಟ್ಟಡದಲ್ಲಿ ಕೂತು ಪತ್ರಿಕೆ ಓದಿದ್ದನ್ನು, ಅಢಾವೆ ಪತ್ರಿಕೆ ಬಿಡಿಸಿ ‘ಇದೇನ್ರೀ ಸಾಹೇಬ್ರ, ಈ ಅಂಕಿ?’ ಎಂದು ಕೇಳಿದ್ದನ್ನು ಮಾತ್ರ ನಾನು ನೋಡಿದ್ದು ಬಹಳ ಕಡಿಮೆ. ವಾರ್ಷಿಕ ಸಭೆಗೆ ಬರುತ್ತಾರೆ, ಸಹಿ ಮಾಡುತ್ತಾರೆ, ಊಟ ಮಾಡಿ ಹೋಗುತ್ತಾರೆ.

ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ. ಈ ಸಲದ ಸಪ್ತಾಹದ ಪುರವಣಿಯಲ್ಲಿ ಅಧ್ಯಕ್ಷರ ಭಾವಚಿತ್ರಗಳ ನಡುವೆ ಒಂದು ಪುಟವನ್ನಾದರೂ ಈ ಮಹಡಿಯ ಕಥೆಗೆ ಕೊಡಿ.

ನಾನು ದುಡಿದ ಸಂಘದ ಕಟ್ಟಡಕ್ಕೂ ಮಹಡಿ ಇದೆ. ಕಟ್ಟುವಾಗ ನಕ್ಷೆಯಲ್ಲಿ ‘ಸದಸ್ಯರ ಸಭಾಗೃಹ’ ಎಂದು ಬರೆದಿತ್ತು. ಈಗ ಅಲ್ಲಿ ಖಾಲಿ ಗೊಬ್ಬರದ ಚೀಲ, ಮುರಿದ ಕುರ್ಚಿ. ಅದರ ಕೀಲಿ ಅಷ್ಟು ವರ್ಷ ನನ್ನ ಟೇಬಲ್ಲಿನ ಡ್ರಾಯರಿನಲ್ಲೇ ಇತ್ತು. ಊರಿಗೆ ಮರಳಿದ ಮೇಲೆ ಈಗಿನ ಆಡಳಿತ ಮಂಡಳಿಯವರನ್ನು ಕಂಡು, ಕೋಣೆ ಖಾಲಿ ಮಾಡಿಸಿಕೊಟ್ಟರೆ ಎರಡು ದಿನಪತ್ರಿಕೆಗಳ ಚಂದಾ ನಾನು ಕಟ್ಟುತ್ತೇನೆ, ಸಂಜೆ ಎರಡು ತಾಸು ಬಾಗಿಲು ತೆಗೆದು ಕೂಡುತ್ತೇನೆ ಎಂದು ಕೇಳಿಕೊಂಡಿದ್ದೇನೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಕಾರ ಸಂಘ ಕಾರ್ಯದರ್ಶಿ,
ಗದಗ ಜಿಲ್ಲೆ