ಹೆಲಿಕಾಪ್ಟರ್ ಕೋರ್ಸಿನಲ್ಲಿ ವಿಮಾನದ ಲಿವರ್: ಶುಲ್ಕ ವಾಪಸ್ ಕೋರಿ ದೂರು

ಗೆ,
ವ್ಯವಸ್ಥಾಪಕರು,
ಸಿಮ್ಯುಲೇಟರ್ ತರಬೇತಿ ಕೇಂದ್ರ, ತುಮಕೂರು.

ವಿಷಯ: ಹೇಳಿದಂತೆ ಕಂಟ್ರೋಲ್‌ಗಳನ್ನು ಕೊಡದೆ ಹೆಲಿಕಾಪ್ಟರ್ ಕೋರ್ಸ್ ನಡೆಸುತ್ತಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಕೇಂದ್ರದ ಹೆಲಿಕಾಪ್ಟರ್ ಕೋರ್ಸಿಗೆ ₹18,000 ಕಟ್ಟಿದ್ದೇನೆ. ರಸೀದಿಯ ಪ್ರತಿ ಲಗತ್ತಿಸಿದ್ದೇನೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಹೆಲಿಕಾಪ್ಟರ್ ಹಾರಿಸುವ ಆಸೆ ಜಾಸ್ತಿಯಾಗಿದೆ. ನಿಮ್ಮ ಕರಪತ್ರವೂ ಅದನ್ನೇ ಹೇಳಿ ನಮ್ಮನ್ನು ಕರೆದಿತ್ತು. ಕಲೆಕ್ಟಿವ್ (ಏರಿಸಿ ಇಳಿಸುವ ಲಿವರ್), ಸೈಕ್ಲಿಕ್ (ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವ ಕೋಲು), ಪೆಡಲ್ (ಮೂತಿ ತಿರುಗಿಸಲು ಕಾಲಿನಿಂದ ಒತ್ತುವುದು) ಮೂರನ್ನೂ ಕಲಿಸುತ್ತೇವೆ ಎಂದು ಅದರಲ್ಲಿ ಬರೆದಿದ್ದೀರಿ.

ಪೆಡಲ್ ಇಲ್ಲವೇ ಇಲ್ಲ. ಆ ಕೆಲಸವನ್ನು ಸಾಫ್ಟ್‌ವೇರ್‌ಗೇ ಬಿಟ್ಟಿದ್ದೀರಿ. ತರಗತಿಯಲ್ಲಿ ಪರದೆಯ ಮೇಲೆ ಹಾರಿಸುವುದು ರಾಬಿನ್ಸನ್ ಆರ್22 ಎಂಬ ಸಣ್ಣ ಹೆಲಿಕಾಪ್ಟರ್. ಕಲೆಕ್ಟಿವ್ ಎತ್ತಿದರೆ ಅದರ ಮೂತಿ ಬಲಕ್ಕೆ ತಿರುಗುತ್ತದೆ, ಎಡಗಾಲಿನಿಂದ ಪೆಡಲ್ ಒತ್ತಿ ತಡೆಯಬೇಕು. ನಿಮ್ಮ ಪರದೆಯಲ್ಲಿ ಅದು ಅಲುಗಾಡುವುದೇ ಇಲ್ಲ. ಸೈಕ್ಲಿಕ್ ಬದಲು ಸ್ಪ್ರಿಂಗ್ ಇರುವ ಆಟದ ಜಾಯ್‌ಸ್ಟಿಕ್ ಇದೆ.

ಇವೆರಡನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಕಲೆಕ್ಟಿವ್ ವಿಷಯ ಹಾಗಲ್ಲ. ಮೇಜಿನ ಮೇಲೆ ವಿಮಾನದ ಥ್ರಾಟಲ್ ಲಿವರ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವುದು) ಇಟ್ಟಿದ್ದೀರಿ. ಮುಂದಕ್ಕೆ ತಳ್ಳಿದರೆ ಮೇಲೇರುತ್ತದೆ, ಹಿಂದಕ್ಕೆ ಎಳೆದರೆ ಇಳಿಯುತ್ತದೆ. ನಿಜವಾದ ಹೆಲಿಕಾಪ್ಟರಿನಲ್ಲಿ ಕಲೆಕ್ಟಿವ್ ಸೀಟಿನ ಎಡಪಕ್ಕದಲ್ಲಿ ಇರುತ್ತದೆ, ಮೇಲಕ್ಕೆ ಎಳೆದರೆ ಏರುವುದು. ಅಂದರೆ ಪೂರ್ತಿ ಉಲ್ಟಾ. ಎಂಜಿನ್ ನಿಂತುಹೋದರೆ ಮೊದಲು ಮಾಡಬೇಕಾದ್ದು ಕಲೆಕ್ಟಿವ್ ಇಳಿಸುವುದು. ಆಗ ಕೆಳಗಿನಿಂದ ಬರುವ ಗಾಳಿಗೆ ರೋಟರ್ (ಮೇಲೆ ತಿರುಗುವ ರೆಕ್ಕೆಗಳು) ತಿರುಗುತ್ತಲೇ ಇರುತ್ತದೆ, ನೆಲಕ್ಕೆ ಇಳಿಯಲು ದಾರಿ ಇರುತ್ತದೆ. ಆರ್22ನಂಥ ಸಣ್ಣ ಯಂತ್ರದಲ್ಲಿ ಅದಕ್ಕೆ ಸಿಗುವ ಸಮಯ ತೀರಾ ಕಡಿಮೆ. ಆ ಗಾಬರಿಯಲ್ಲಿ ಯಾರೂ ಯೋಚಿಸುತ್ತಾ ಕೂರುವುದಿಲ್ಲ, ಅಭ್ಯಾಸವಾದಂತೆ ಕೈ ಓಡುತ್ತದೆ. ನೀವು ಕಲಿಸಿದ ಕೈ ಲಿವರನ್ನು ತನ್ನ ಕಡೆಗೆ ಎಳೆಯುತ್ತದೆ. ನಿಜವಾದ ಹೆಲಿಕಾಪ್ಟರಿನಲ್ಲಿ ಅದು ಕಲೆಕ್ಟಿವ್ ಎತ್ತಿದಂತೆ, ಅಲ್ಲಿಗೆ ರೋಟರ್ ವೇಗ ಇನ್ನೂ ಬೀಳುತ್ತದೆ. ನಿಮ್ಮಲ್ಲಿ ಕಲಿತ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ನಿಜವಾದ ಸೀಟಿನಲ್ಲಿ ಕೂರುತ್ತಾರೆ, ಅಲ್ವಾ?

ಲಿವರಿನ ದಿಕ್ಕು ತಿರುಗಿಸಲು ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿದರೆ ಸಾಕು. ಅದನ್ನು ನಿಮ್ಮ ಬೋಧಕರಿಗೆ ತೋರಿಸಿ ಕೇಳಿದೆ. "ಎಲ್ಲ ಬ್ಯಾಚಿಗೂ ಒಂದೇ ಸೆಟ್ಟಿಂಗ್ ರೀ, ಸುಮ್ನೆ ಕಲೀರಿ, ಆಮೇಲೆ ಅಭ್ಯಾಸ ಆಗುತ್ತೆ" ಎಂದರು. ತಪ್ಪು ಅಭ್ಯಾಸ ಆಗಬಾರದು ಅಂತಲೇ ಅಲ್ಲವೇ ದುಡ್ಡು ಕಟ್ಟಿ ಕಲಿಯಲು ಬರುವುದು? ಕಚೇರಿಗೆ ಮೇಲ್ ಕಳಿಸಿದೆ, ಉತ್ತರವಿಲ್ಲ.

ನೆಲಕ್ಕೆ ಬಿಗಿದ ಪೆಡಲ್, ಎಡಗೈಗೆ ಎತ್ತಿ ಇಳಿಸುವ ಕಲೆಕ್ಟಿವ್, ಸ್ಪ್ರಿಂಗ್ ಇಲ್ಲದ ಸೈಕ್ಲಿಕ್ ಹಾಕಿಸಿ ಕೋರ್ಸನ್ನು ಮೊದಲಿನಿಂದ ನಡೆಸಿ. ಆಗದಿದ್ದರೆ ಪೂರ್ತಿ ಶುಲ್ಕ ವಾಪಸ್ ಕೊಡಿ. ಲಿವರಿನ ದಿಕ್ಕನ್ನಂತೂ ನಾಳೆಯ ಬ್ಯಾಚಿಗೆ ಮೊದಲೇ ಸರಿಪಡಿಸಿ, ಅದಕ್ಕೆ ಖರ್ಚಿಲ್ಲ. 15 ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ಸಂಜೆ ಬ್ಯಾಚಿನ ವಿದ್ಯಾರ್ಥಿನಿ, ತುಮಕೂರು

ಲಗತ್ತು: ರಸೀದಿ, ಕರಪತ್ರ, ಮೇಲ್‌ನ ಪ್ರತಿ