ಯೂನಿಫಾರಂ ಭತ್ಯೆಗೆ ಪೂರ್ತಿ ತೆರಿಗೆ: ಫಾರಂ 16 ಸರಿಪಡಿಸಿಕೊಡಲು ದೂರು

ವಸಂತನರಸಾಪುರ ಕೈಗಾರಿಕಾ ಪ್ರದೇಶ,
ತುಮಕೂರು ಜಿಲ್ಲೆ
ದಿನಾಂಕ: 23-06-2025

ಇವರಿಗೆ,
ವ್ಯವಸ್ಥಾಪಕರು, ಪೇರೋಲ್ ಮತ್ತು ಟಿಡಿಎಸ್ ವಿಭಾಗ,
ನಮ್ಮ ಘಟಕದ ಸಂಬಳದ ಲೆಕ್ಕ ನೋಡಿಕೊಳ್ಳುವ ಸೇವಾ ಸಂಸ್ಥೆ

ವಿಷಯ: 2024-25ರ ಯೂನಿಫಾರಂ ಭತ್ಯೆಯ ವಿನಾಯಿತಿ ತಿರಸ್ಕರಿಸಿರುವ ಬಗ್ಗೆ

ಮಾನ್ಯರೇ,

ಈ ತಿಂಗಳು ನೀವು ಕೊಟ್ಟ ಫಾರಂ 16ರ (ಸಂಬಳ ಮತ್ತು ಅದರಿಂದ ಕಡಿತವಾದ ತೆರಿಗೆಯ ಪ್ರಮಾಣಪತ್ರ) ಬಿ ಭಾಗದಲ್ಲಿ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡ ನೌಕರರಿಗೆಲ್ಲ ಕಲಂ 10ರ ಇತರ ವಿನಾಯಿತಿ ಸೊನ್ನೆ ಎಂದು ಬಂದಿದೆ. ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಬಂದ 18,000 ರೂಪಾಯಿ ಯೂನಿಫಾರಂ ಭತ್ಯೆ ಪೂರ್ತಿಯಾಗಿ ತೆರಿಗೆಯ ಲೆಕ್ಕಕ್ಕೆ ಸೇರಿಕೊಂಡಿದೆ. ಬಿಲ್ಲುಗಳೆಲ್ಲ ಫೆಬ್ರವರಿ ಕೊನೆಯ ಗಡುವಿನೊಳಗೇ ನಿಮ್ಮ ಪೋರ್ಟಲ್‌ಗೆ ಹೋಗಿದ್ದವು. ಹೊಸ ಪದ್ಧತಿಯಲ್ಲಿರುವವರಿಗೆ ಈ ಭತ್ಯೆಗೆ ವಿನಾಯಿತಿಯೇ ಇಲ್ಲ, ಅವರ ಪರವಾಗಿ ಈ ಬಾಬತ್ತಿನಲ್ಲಿ ತಕರಾರೂ ಇಲ್ಲ. ತಕರಾರು ಇರುವುದು ಹಳೆಯ ಪದ್ಧತಿಯವರ ಲೆಕ್ಕದಲ್ಲಿ.

ಆದಾಯ ತೆರಿಗೆ ಕಾಯ್ದೆ 1961ರ ಕಲಂ 10(14)(i) ಮತ್ತು ನಿಯಮ 2ಬಿಬಿ(1)(ಎಫ್) ಪ್ರಕಾರ, ಕೆಲಸದ ಮೇಲಿರುವಾಗ ತೊಡುವ ಯೂನಿಫಾರಂ ಕೊಳ್ಳುವುದಕ್ಕೆ ಅಥವಾ ಅದರ ನಿರ್ವಹಣೆಗೆ ಕೊಟ್ಟ ಭತ್ಯೆಗೆ, ನಿಜವಾಗಿ ಖರ್ಚಾದ ಮಟ್ಟಿಗೆ ವಿನಾಯಿತಿ ಉಂಟು. ಇದಕ್ಕೆ ಬೇಕಾದ್ದು ಮೂರು: ಸಂಬಳದಲ್ಲಿ ಆ ಹೆಸರಿನ ಭತ್ಯೆ ಇರಬೇಕು, ಉಡುಪು ಆಡಳಿತ ನಿಗದಿ ಮಾಡಿದ್ದಾಗಿರಬೇಕು, ಖರ್ಚು ಆಗಿರಬೇಕು. ಭತ್ಯೆಯೇ ಇಲ್ಲದೆ ಕೈಯಿಂದ ಹಾಕಿ ಹೊಲಿಸಿಕೊಂಡವರಿಗೆ ಕಾಯ್ದೆಯಲ್ಲಿ ಏನೂ ಸಿಗುವುದಿಲ್ಲ. ಮಾಮೂಲಿ ಫಾರ್ಮಲ್ ಪ್ಯಾಂಟು ಶರ್ಟನ್ನು ಯೂನಿಫಾರಂ ಅನ್ನುವುದಕ್ಕೂ ಬರುವುದಿಲ್ಲ. ಇಲ್ಲಿ ಆ ತೊಡಕು ಯಾವುದೂ ಇಲ್ಲ. ನೀಲಿ ಡ್ರಿಲ್ ಬಟ್ಟೆ, ಎಡ ಜೇಬಿನ ಮೇಲೆ ಲಾಂಛನ, ಸೇಫ್ಟಿ ಶೂ ಎಂದು ಆಡಳಿತದ ಸುತ್ತೋಲೆಯಲ್ಲೇ ಇದೆ. ಅದರ ಪ್ರತಿ ನಿಮ್ಮ ಹತ್ತಿರವೂ ಇದೆ.

ಒಬ್ಬ ನೌಕರರ ಕಡತವನ್ನೇ ನೋಡಿ. ನಾಲ್ಕು ಜೊತೆಗೆ, ಪ್ಯಾಂಟಿಗೆ 1.3 ಮೀಟರ್, ತುಂಬು ತೋಳಿನ ಶರ್ಟಿಗೆ 1.6 ಮೀಟರ್‌ನಂತೆ ಒಟ್ಟು 11.6 ಮೀಟರ್ ಬಟ್ಟೆ. ಮೀಟರಿಗೆ 310 ರೂಪಾಯಿ, 5% ಜಿಎಸ್‌ಟಿ ಸೇರಿ 3,776. ಹೊಲಿಗೆ ಕೂಲಿ ಒಂದು ಜೊತೆಗೆ 900ರಂತೆ 3,600. ಸೇಫ್ಟಿ ಶೂ ಎರಡು ಜೊತೆ 3,300. ಒಗೆದು ಇಸ್ತ್ರಿ ಮಾಡಿಸಿದ್ದು ತಿಂಗಳಿಗೆ 700, ಫೆಬ್ರವರಿವರೆಗೆ 7,700. ಕೂಡಿದರೆ 18,376. ಭತ್ಯೆಗಿಂತ ಖರ್ಚೇ ಹೆಚ್ಚಾಗಿರುವುದರಿಂದ 18,000ವೂ ವಿನಾಯಿತಿಗೆ ಬರಬೇಕಿತ್ತು.

ಆಗಿದ್ದೇನೆಂದರೆ, ಪೋರ್ಟಲ್‌ನಲ್ಲಿ ಪ್ರತಿ ಬಿಲ್ಲಿಗೂ ಜಿಎಸ್‌ಟಿ ನಂಬರಿನ 15 ಅಕ್ಷರ ತುಂಬದಿದ್ದರೆ ಆ ಬಿಲ್ ರಿಜೆಕ್ಟ್ ಆಗುತ್ತದೆ. ಬಟ್ಟೆ ಅಂಗಡಿ ಮತ್ತು ಶೂ ಅಂಗಡಿಯ ಬಿಲ್ಲಿನಲ್ಲಿ ಆ ನಂಬರ್ ಇರುತ್ತದೆ. ಟೈಲರ್ ಕೊಡುವುದು ಕಾರ್ಬನ್ ಇಟ್ಟು ಬರೆದ ರಸೀತಿ: ದಿನಾಂಕ, ಹೆಸರು, ‘4 ಜೊತೆ, ಪ್ಯಾಂಟ್ 500, ಶರ್ಟ್ 400’, ಒಟ್ಟು ಮೊತ್ತ, ಕೆಳಗೊಂದು ಸಹಿ. ಇಸ್ತ್ರಿ ಅಂಗಡಿಯದೂ ಹಾಗೆಯೇ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ, ನೋಂದಣಿ ಇಲ್ಲದವರು ಜಿಎಸ್‌ಟಿ ಹಾಕಿ ಬಿಲ್ ಕೊಡುವಂತೆಯೂ ಇಲ್ಲ. ಮಂಡಿಪೇಟೆಯ ಸಣ್ಣ ಟೈಲರ್ ಎಲ್ಲಿಂದ ತಂದಾರು ಆ ನಂಬರ್? ನಿಯಮ 2ಬಿಬಿಯಲ್ಲಿ ಜಿಎಸ್‌ಟಿ ಬಿಲ್ಲೇ ಆಗಬೇಕೆಂಬ ಮಾತು ಎಲ್ಲೂ ಇಲ್ಲ. ಇನ್ನು, ‘ಬಟ್ಟೆ ಅಂಗಡಿಯ ನಂಬರನ್ನೇ ಅಲ್ಲೂ ಹಾಕಿ’ ಎಂದು ನಿಮ್ಮ ಸಹಾಯವಾಣಿಯವರು ಹೇಳಿಕೊಟ್ಟದ್ದಂತೂ ನೌಕರರ ಕೈಯಲ್ಲಿ ಸುಳ್ಳು ದಾಖಲೆ ಮಾಡಿಸುವ ಮಾತು.

ಹೀಗೆ 11,300 ರೂಪಾಯಿಯ ರಸೀತಿಗಳು ಬಿದ್ದುಹೋದವು. ಹೋಗಲಿ ಅಂದರೆ ನಂಬರ್ ಇರುವ 7,076 ರೂಪಾಯಿಯಾದರೂ ಉಳಿಯಬೇಕಿತ್ತು. ಒಂದು ಬಿಲ್ ರಿಜೆಕ್ಟ್ ಆದರೆ ಇಡೀ ಕ್ಲೇಮ್ ಸೊನ್ನೆಯಾಗುವಂತೆ ನಿಮ್ಮ ಸಾಫ್ಟ್‌ವೇರ್ ಇರುವುದರಿಂದ ಅದೂ ಹೋಯಿತು.

ಒಗೆಸಿದ್ದು ಸ್ವಂತ ಖರ್ಚು, ಯೂನಿಫಾರಂ ಖರ್ಚಲ್ಲ ಎನ್ನುವುದು ನಿಮ್ಮ ಇನ್ನೊಂದು ಉತ್ತರ. ನಿಯಮದಲ್ಲಿ ನಿರ್ವಹಣೆ ಎಂದು ಬಿಡಿಸಿಯೇ ಹೇಳಿದೆ. ಪೇಂಟ್ ಶಾಪಿನ ಬಟ್ಟೆ ಒಗೆಸದೆ ಇನ್ನು ಹೇಗೆ ನಿರ್ವಹಣೆ ಮಾಡುವುದು ಎಂದು ನೀವೇ ಹೇಳಬೇಕು. ಫಾರಂ 12ಬಿಬಿಯಲ್ಲಿ ಯೂನಿಫಾರಂಗೆ ಕಾಲಂ ಇಲ್ಲ ಎಂದೂ ಬರೆದಿದ್ದೀರಿ. ಇಲ್ಲ ನಿಜ. ಆ ಫಾರಂ ಇರುವುದು ಮನೆ ಬಾಡಿಗೆ, ಪ್ರವಾಸ ರಿಯಾಯಿತಿ, ಗೃಹಸಾಲದ ಬಡ್ಡಿ ಮತ್ತು 80ಸಿ ಥರದ ಕಡಿತಗಳಿಗೆ. ಅದರಲ್ಲಿ ಕಾಲಂ ಇಲ್ಲವೆಂದು ಕಲಂ 10(14) ರದ್ದಾಗುವುದಿಲ್ಲ. ಯೂನಿಫಾರಂ ಖರ್ಚಿಗೆ ಬೇರೆಯೇ ಒಂದು ಘೋಷಣೆ, ಜೊತೆಗೆ ರಸೀತಿ ಪಡೆದುಕೊಂಡರೆ ಸಾಕು.

ಮೊತ್ತ ಸಣ್ಣದೆಂದು ತಳ್ಳಿಹಾಕಬೇಡಿ. 5ರಿಂದ 10 ಲಕ್ಷದ ಸ್ತರದಲ್ಲಿರುವವರಿಗೆ 20% ತೆರಿಗೆ, ಅದರ ಮೇಲೆ 4% ಸೆಸ್ ಸೇರಿ 18,000ಕ್ಕೆ 3,744 ರೂಪಾಯಿ ಹೆಚ್ಚುವರಿ ಹೊರೆ. 5 ಲಕ್ಷದ ಅಂಚಿನಲ್ಲಿರುವವರ ಪಾಡು ಇನ್ನೂ ಕಷ್ಟ. ವರ್ಷಕ್ಕೆ 8,40,000 ಸಂಬಳ ಎಂದಿಟ್ಟುಕೊಳ್ಳಿ. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, 80ಸಿ ಅಡಿ 1,50,000, ಗೃಹಸಾಲದ ಬಡ್ಡಿ 1,28,600 ಕಳೆದರೆ ಉಳಿಯುವುದು 5,09,000. ಇದಕ್ಕೆ ತೆರಿಗೆ ಸೆಸ್ ಸೇರಿ 14,872. ಯೂನಿಫಾರಂ ಭತ್ಯೆಯನ್ನು ಸರಿಯಾಗಿ ಕಳೆದಿದ್ದರೆ ಆದಾಯ 4,91,000ಕ್ಕೆ ಇಳಿದು, 5 ಲಕ್ಷದವರೆಗಿನ ಆದಾಯಕ್ಕಿರುವ ಕಲಂ 87ಎ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತಿತ್ತು. ಹಳೆಯ ಪದ್ಧತಿಯಲ್ಲಿ 5 ಲಕ್ಷ ದಾಟಿದರೆ ಮಾರ್ಜಿನಲ್ ರಿಲೀಫ್ (ಮಿತಿ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ತಡೆಯುವ ಸೌಲಭ್ಯ) ಇಲ್ಲ. ಹಾಗಾಗಿ 18,000 ರೂಪಾಯಿಯ ಭತ್ಯೆಯ ಮೇಲೆ 14,872 ರೂಪಾಯಿ ಕೈಬಿಟ್ಟಂತಾಯಿತು.

‘ರಿಟರ್ನ್ ಹಾಕುವಾಗ ನೀವೇ ಕ್ಲೇಮ್ ಮಾಡಿಕೊಳ್ಳಿ’ ಎಂಬ ಉತ್ತರವೂ ಬಂದಿದೆ. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ರಿಟರ್ನಿನಲ್ಲಿ 18,000 ಇದ್ದು ಫಾರಂ 16ರಲ್ಲಿ ಸೊನ್ನೆ ಇದ್ದರೆ ಎರಡೂ ತಾಳೆಯಾಗದೆ ತೆರಿಗೆ ಇಲಾಖೆಯಿಂದ ನೋಟಿಸ್ ಬರಬಹುದು. ಗಡುವಿನೊಳಗೆ ಉತ್ತರ ಕೊಡುವ, ತಪ್ಪಿದರೆ ರೀಫಂಡ್ ಕಳೆದುಕೊಳ್ಳುವ ಹೊಣೆ ಶಿಫ್ಟ್ ಕೆಲಸಗಾರನ ತಲೆಗೆ ಬೀಳುತ್ತದೆ. ತಪ್ಪು ಇರುವುದು ನಿಮ್ಮ ಲೆಕ್ಕದಲ್ಲಿ, ಸರಿಪಡಿಸಬೇಕಾದ್ದೂ ಅಲ್ಲೇ.

ಆದ್ದರಿಂದ ರಿಜೆಕ್ಟ್ ಆದ ಕ್ಲೇಮ್‌ಗಳನ್ನು ಕೈಯಾರೆ ಮರುಪರಿಶೀಲಿಸಿ, ನಾಲ್ಕನೇ ತ್ರೈಮಾಸಿಕದ 24ಕ್ಯೂಗೆ (ಸಂಬಳದ ಟಿಡಿಎಸ್ ವಿವರಪಟ್ಟಿ) ತಿದ್ದುಪಡಿ ಸಲ್ಲಿಸಿ, ಅನೆಕ್ಷರ್ 2ರಲ್ಲಿ ಕಲಂ 10ರ ಮೊತ್ತ ತುಂಬಬೇಕು. ಆಮೇಲೆ ತೆರಿಗೆ ಇಲಾಖೆಯ ಜಾಲತಾಣವಾದ ಟ್ರೇಸಸ್‌ನಿಂದ ಹೊಸದಾಗಿ ಇಳಿಸಿಕೊಂಡ ಬಿ ಭಾಗವನ್ನೇ ಕೊಡಿ. ಲೆಟರ್‌ಹೆಡ್ ಮೇಲೆ ಟೈಪ್ ಮಾಡಿ ಕೊಟ್ಟ ಕಾಗದ ಪ್ರಯೋಜನಕ್ಕೆ ಬರುವುದಿಲ್ಲ. ಕಡಿತವಾದ ಟಿಡಿಎಸ್ ಈಗಾಗಲೇ ಸರ್ಕಾರಕ್ಕೆ ಜಮೆಯಾಗಿದೆ, ಅದನ್ನು ನೀವು ವಾಪಸ್ ಕೊಡಬೇಕೆಂದು ಕೇಳುತ್ತಿಲ್ಲ. ಅದು ರಿಟರ್ನ್ ಮೂಲಕವೇ ರೀಫಂಡ್ ಆಗಬೇಕು. 2025-26ಕ್ಕೆ ಪೋರ್ಟಲ್‌ನಲ್ಲಿ ‘ನೋಂದಣಿ ಇಲ್ಲದ ಮಾರಾಟಗಾರ’ ಎಂಬ ಆಯ್ಕೆ ಸೇರಿಸಿ. ಒಂದು ರಸೀತಿ ಬಿದ್ದರೆ ಆ ಮೊತ್ತ ಮಾತ್ರ ಕಡಿತವಾಗಲಿ.

ಇದೇ ಕಡತದಲ್ಲಿ ಕಂಡ ಇನ್ನೊಂದು ತಪ್ಪು. ಬಿಡಿಭಾಗ ತರಲು ಸ್ವಂತ ಬೈಕಿನಲ್ಲಿ ಬೆಂಗಳೂರಿನ ಪೀಣ್ಯಕ್ಕೆ ಹೋಗುವ ಮೇಂಟೆನೆನ್ಸ್ ಸಿಬ್ಬಂದಿಯ ಕನ್ವೇಯನ್ಸ್ ಭತ್ಯೆಗೂ ತೆರಿಗೆ ಹಾಕಿದ್ದೀರಿ. ಮನೆಯಿಂದ ಕಾರ್ಖಾನೆಗೆ ಬರುವ ಓಡಾಟ ಬೇರೆ, ಕೆಲಸದ ಮೇಲಿನ ಓಡಾಟ ಬೇರೆ. ಕೆಲಸದ ಮೇಲಿನದಕ್ಕೆ ನಿಯಮ 2ಬಿಬಿ(1)(ಸಿ) ಅಡಿ ಖರ್ಚಾದಷ್ಟು ವಿನಾಯಿತಿ ಹೊಸ ಪದ್ಧತಿಯಲ್ಲೂ ಇದೆ. ಅದನ್ನೂ ಇದೇ ತಿದ್ದುಪಡಿಯಲ್ಲಿ ಸೇರಿಸಿ.

ರಿಟರ್ನ್ ಸಲ್ಲಿಸಲು ಈ ವರ್ಷ ಸೆಪ್ಟೆಂಬರ್ 15ರವರೆಗೆ ಸಮಯ ಕೊಟ್ಟಿದ್ದಾರೆ. ತಿದ್ದುಪಡಿ ಪ್ರಕ್ರಿಯೆಗೆ ಹಿಡಿಯುವ ಕಾಲ ನಿಮಗೇ ಚೆನ್ನಾಗಿ ಗೊತ್ತು, ಹಾಗಾಗಿ ಜುಲೈ 15ರೊಳಗೆ 24ಕ್ಯೂ ತಿದ್ದುಪಡಿಯ ಟೋಕನ್ ನಂಬರನ್ನು ಲಿಖಿತವಾಗಿ ತಿಳಿಸಿ. ಕಲಂ 192ರ ಪ್ರಕಾರ ತೆರಿಗೆ ಕಡಿತದ ಹೊಣೆ ಸಂಬಳ ಕೊಡುವವರದೇ ಆದ್ದರಿಂದ ಈ ಪತ್ರದ ಪ್ರತಿಯನ್ನು ಘಟಕದ ಮಾನವ ಸಂಪನ್ಮೂಲ ವಿಭಾಗಕ್ಕೂ ಕೊಡಲಾಗಿದೆ. ಸುತ್ತೋಲೆ, ರಸೀತಿಗಳ ಪ್ರತಿ ಮತ್ತು ಪೋರ್ಟಲ್‌ನ ರಿಜೆಕ್ಟ್ ಸಂದೇಶಗಳನ್ನು ಲಗತ್ತಿಸಿದ್ದೇವೆ.

ಇತಿ,
ಘಟಕದ ಪೇಂಟ್ ಶಾಪ್, ಮೇಂಟೆನೆನ್ಸ್ ಮತ್ತು ಸೆಕ್ಯುರಿಟಿ ವಿಭಾಗಗಳ ನೌಕರರು